ಮೇಲ್ಸೇತುವೆಯ ಮೇಲೆ ಕಾರು, ಕೆಳಗೆ ರೋಗಿಯ ದಾಖಲೆ

ಚೆನ್ನೈಗೆ ಭಾರಿ ಮಳೆಯ ಮುನ್ಸೂಚನೆ ಬಂತೆಂದರೆ ವೇಲಚೇರಿಯ ಜನ ಮೊದಲು ಮಾಡುವ ಕೆಲಸ ಕಾರನ್ನು ಮೇಲ್ಸೇತುವೆಗೆ ಏರಿಸುವುದು. 2024ರ ಅಕ್ಟೋಬರ್ ಮಧ್ಯದಲ್ಲಿ ಆ ದೃಶ್ಯ ದೇಶದ ಪತ್ರಿಕೆಗಳಲ್ಲೆಲ್ಲ ಬಂತು. ಸೇತುವೆಯ ತಡೆಗೋಡೆಗೆ ಒತ್ತಿಕೊಂಡು ಒಂದರ ಹಿಂದೆ ಒಂದು ಕಾರು, ಉಳಿದ ಜಾಗದಲ್ಲಿ ವಾಹನ ಸಂಚಾರ. ಹಿಂದಿನ ವರ್ಷದ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಪಕ್ಕದ ಪಳ್ಳಿಕರಣೈಯಲ್ಲಿ ಮನೆ ಮುಂದೆ ನಿಲ್ಲಿಸಿದ್ದ ಕಾರುಗಳು ತರಗೆಲೆಯಂತೆ ತೇಲಿಹೋದದ್ದನ್ನು ಈ ಜನ ಕಂಡಿದ್ದರು. ಹಾಗಾಗಿ ಯಾರೂ ಅವರಿಗೆ ಬುದ್ಧಿ ಹೇಳಬೇಕಾಗಿರಲಿಲ್ಲ. ಮನೆಗೆ ನುಗ್ಗುವ ನೀರು ಯಾವ ಜಾಗವನ್ನು ಮುಟ್ಟುವುದಿಲ್ಲವೋ ಅಲ್ಲಿ ಬೆಲೆಬಾಳುವ ವಸ್ತುವನ್ನು ಇಡಬೇಕು. ಅಷ್ಟೇ ಅದರ ಹಿಂದಿನ ತರ್ಕ. ಕಾರಿನ ವಿಷಯದಲ್ಲಿ ಇಷ್ಟು ಸಲೀಸಾಗಿ ಹೊಳೆಯುವ ಈ ತರ್ಕವನ್ನು ನಮ್ಮ ಆಸ್ಪತ್ರೆಗಳು ರೋಗಿಯ ದಾಖಲೆಗೂ, ನಮ್ಮ ಸರ್ಕಾರಗಳು ತುರ್ತು ಸೇವೆಯ ತಂತ್ರಾಂಶಕ್ಕೂ ಅನ್ವಯಿಸುವುದರಲ್ಲಿ ಇಷ್ಟೇಕೆ ತಡಮಾಡುತ್ತಿವೆ ಎಂಬುದು ಈ ಲೇಖನದ ಪ್ರಶ್ನೆ. ಕ್ಲೌಡ್ ತಂತ್ರಜ್ಞಾನದ ಪರವಾಗಿ ಮಾರಾಟಗಾರರು ಹತ್ತು ಮಾತು ಹೇಳುತ್ತಾರೆ: ಅಗ್ಗ, ವೇಗ, ಆಧುನಿಕ. ಆರೋಗ್ಯ ಮತ್ತು ಸುರಕ್ಷತೆಯ ಮಟ್ಟಿಗೆ ಅವುಗಳಲ್ಲಿ ಯಾವುದೂ ಮುಖ್ಯವಲ್ಲ. ಮುಖ್ಯವಾದ ಲಾಭ ಒಂದೇ: ರೋಗಿ ಸಿಕ್ಕಿಕೊಂಡ ನೀರಿನಲ್ಲೇ ಅವನ ದಾಖಲೆಯೂ ಸಿಕ್ಕಿಕೊಳ್ಳುವುದಿಲ್ಲ.

ವೇಲಚೇರಿ ಮುಳುಗುವುದು ಆಕಸ್ಮಿಕವಲ್ಲ. ತಮಿಳಿನಲ್ಲಿ ‘ಏರಿ’ ಎಂದರೆ ಕೆರೆ; ನಮ್ಮಲ್ಲಿ ಏರಿ ಎಂದರೆ ಕೆರೆಯ ಕಟ್ಟೆ. ಒಂದು ಕಾಲಕ್ಕೆ 250 ಎಕರೆಗೂ ಹೆಚ್ಚಿದ್ದ ವೇಲಚೇರಿ ಏರಿ ಈಗ ಸುಮಾರು 55 ಎಕರೆಗೆ ಇಳಿದಿದೆ. ದಕ್ಷಿಣ ಚೆನ್ನೈನ ಹತ್ತಾರು ಕೆರೆಗಳ ಕೋಡಿ ನೀರು ಪಳ್ಳಿಕರಣೈ ಜೌಗುನೆಲಕ್ಕೆ ಇಳಿದು, ಅಲ್ಲಿಂದ ಒಕ್ಕಿಯಂ ಮಡುವು, ಬಕಿಂಗ್‌ಹ್ಯಾಮ್ ಕಾಲುವೆ ದಾಟಿ ಕೋವಳಂ ಬಳಿ ಸಮುದ್ರ ಸೇರಬೇಕು. ಆ ಜೌಗುನೆಲ 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್‌ಸಾರ್ ಪಟ್ಟಿ ಸೇರುವ ಹೊತ್ತಿಗೆ ಅದರ ಬಹುಭಾಗ ಬಡಾವಣೆ, ರಸ್ತೆ, ಕಸದ ಗುಡ್ಡೆಗಳ ಪಾಲಾಗಿತ್ತು. ನೀರಿಗೆ ಹೋಗಲು ಜಾಗವಿಲ್ಲದ ಮೇಲೆ ಅದು ನಿಲ್ಲುತ್ತದೆ. 2015ರ ನವೆಂಬರ್ ಒಂದೇ ತಿಂಗಳಲ್ಲಿ ಚೆನ್ನೈಗೆ ಒಂದು ಮೀಟರಿಗೂ ಹೆಚ್ಚು ಮಳೆ ಬಂತು; 1918ರ ನಂತರ ನಗರ ಅಂಥ ನವೆಂಬರ್ ಕಂಡಿರಲಿಲ್ಲ. ಅದರ ಮೇಲೆ ಡಿಸೆಂಬರ್ 1ರಂದು ತಾಂಬರಂನಲ್ಲಿ 24 ಗಂಟೆಗೆ 49 ಸೆಂಟಿಮೀಟರ್. ಚೆಂಬರಂಬಾಕ್ಕಂ ಜಲಾಶಯದಿಂದ ಬಿಟ್ಟ ನೀರು ಅಡ್ಯಾರು ನದಿಯನ್ನು ತುಂಬಿಸಿತು, ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತು. 1878ರಲ್ಲಿ ಹುಟ್ಟಿದ ‘ದಿ ಹಿಂದೂ’ ಪತ್ರಿಕೆಯ ಚೆನ್ನೈ ಆವೃತ್ತಿ ಡಿಸೆಂಬರ್ 2ರಂದು ಮುದ್ರಣವಾಗಲಿಲ್ಲ. ಕೆಲಸಗಾರರು ಮರೈಮಲೈ ನಗರದ ಮುದ್ರಣಾಲಯ ತಲುಪಲಾಗಲಿಲ್ಲ ಎಂಬುದೇ ಕಾರಣ. ಈ ಕಾರಣವನ್ನು ಗಮನಿಸಿ. ಯಂತ್ರ ಕೆಟ್ಟಿರಲಿಲ್ಲ, ಕಾಗದ ಮುಗಿದಿರಲಿಲ್ಲ. ದಾರಿ ಕಡಿದುಹೋಗಿತ್ತು. ನೆರೆ ಬಂದಾಗ ಕಟ್ಟಡ ಎಷ್ಟು ಗಟ್ಟಿ ಎಂಬುದರ ಜೊತೆಗೆ, ಅದರ ಬಾಗಿಲಿಗೆ ಮನುಷ್ಯರು ಬಂದು ಸೇರಬಲ್ಲರೇ ಎಂಬುದೂ ಅಷ್ಟೇ ದೊಡ್ಡ ಪ್ರಶ್ನೆಯಾಗುತ್ತದೆ.

ಅದೇ ನೆರೆಯಲ್ಲಿ ಅಡ್ಯಾರು ದಂಡೆಯ ಸಮೀಪದ ಒಂದು ದೊಡ್ಡ ಖಾಸಗಿ ಆಸ್ಪತ್ರೆಯೊಳಗೆ ನೀರು ನುಗ್ಗಿ, ವಿದ್ಯುತ್ತೂ ಜನರೇಟರೂ ಕೈಕೊಟ್ಟವು. ಅಲ್ಲಿ 18 ರೋಗಿಗಳು ಸತ್ತರೆಂದು ವರದಿಯಾಯಿತು. ವಿದ್ಯುತ್ ವೈಫಲ್ಯವೇ ಅವರೆಲ್ಲರ ಸಾವಿಗೆ ಕಾರಣವೇ ಎಂಬ ಬಗ್ಗೆ ವಾದ ನಡೆಯಿತು. ಅದನ್ನು ಇಲ್ಲಿ ತೀರ್ಮಾನಿಸುವುದು ಬೇಡ. ಉಳಿದ ರೋಗಿಗಳನ್ನು ಬೇರೆ ಆಸ್ಪತ್ರೆಗಳಿಗೆ ಸಾಗಿಸಬೇಕಾಯಿತು ಎಂಬುದು ಮಾತ್ರ ನಿರ್ವಿವಾದ. ಹಾಗೆ ಸಾಗಿಸುವಾಗ ರೋಗಿಯ ಜೊತೆ ಏನು ಹೋಗಬೇಕು ಎಂದು ಒಂದು ಗಳಿಗೆ ಯೋಚಿಸೋಣ. ವಾರಕ್ಕೆ ಮೂರು ಸಲ ಡಯಾಲಿಸಿಸ್ ಮಾಡಿಸಿಕೊಳ್ಳುವವರೊಬ್ಬರಿದ್ದಾರೆ ಎಂದುಕೊಳ್ಳಿ. ಅವರ ಡ್ರೈ ವೇಟ್ ಎಷ್ಟು, ಅಂದರೆ ಮೈಯಲ್ಲಿ ನಿಂತ ಹೆಚ್ಚುವರಿ ನೀರನ್ನೆಲ್ಲ ತೆಗೆದ ಮೇಲೆ ಉಳಿಯಬೇಕಾದ ತೂಕ ಎಷ್ಟು, ಕೊನೆಯ ಡಯಾಲಿಸಿಸ್ ಯಾವತ್ತು ಆಯಿತು, ಪೊಟ್ಯಾಸಿಯಂ ಎಷ್ಟಿತ್ತು, ಹೆಪಾರಿನ್ ಒಗ್ಗುತ್ತದೆಯೋ ಇಲ್ಲವೋ, ಹೆಪಟೈಟಿಸ್ ಪರೀಕ್ಷೆಯ ಫಲಿತಾಂಶ ಏನು, ಏಕೆಂದರೆ ಯಾವ ಯಂತ್ರಕ್ಕೆ ಅವರನ್ನು ಜೋಡಿಸಬೇಕೆಂಬುದು ಅದನ್ನು ಅವಲಂಬಿಸಿದೆ. ಇವೆಲ್ಲ ಸೇರಿ ಅರ್ಧ ಪುಟವೂ ಆಗುವುದಿಲ್ಲ. ಆ ಅರ್ಧ ಪುಟ ಇಲ್ಲದಿದ್ದರೆ ಹೊಸ ಆಸ್ಪತ್ರೆಯ ವೈದ್ಯರು ಎಲ್ಲವನ್ನೂ ಮೊದಲಿಂದ ಪರೀಕ್ಷಿಸಬೇಕು, ಅದಕ್ಕೆ ಸಮಯ ಬೇಕು. ನೆರೆಯ ರಾತ್ರಿ ಎಲ್ಲಕ್ಕಿಂತ ಅಪರೂಪವಾದದ್ದು ಆ ಸಮಯವೇ. ಹೀಗಿರುವಾಗ ಆ ಅರ್ಧ ಪುಟ ಇರುವ ಕಂಪ್ಯೂಟರು ನೆಲಮಹಡಿಯ ರಿಸೆಪ್ಷನ್ ಮೇಜಿನ ಕೆಳಗೋ, ಔಷಧಿ ಅಂಗಡಿಯ ಹಿಂದಿನ ಕೋಣೆಯಲ್ಲೋ ಕೂತಿದ್ದರೆ ಅದು ಮೊದಲ ಮೊಳಕಾಲುದ್ದ ನೀರಿಗೇ ಹೋಗುತ್ತದೆ.

ಒಂದೇ ಕಡೆ ಇಟ್ಟದ್ದು ಒಂದೇ ಏಟಿಗೆ ಹೋಗುತ್ತದೆ ಎಂಬುದನ್ನು ಕನ್ನಡಿಗರಿಗೆ ಕಂಪ್ಯೂಟರ್ ಬಂದು ಕಲಿಸಬೇಕಾಗಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಓಲೆಯ ಮೇಲೆ ಬರೆಯಿಸಿ ಹಂಚಿದಳು. ಅದನ್ನು ನಾವು ದಾನವೆಂದು ಸ್ತುತಿಸುತ್ತ ಬಂದಿದ್ದೇವೆ, ಸರಿಯೇ. ಆದರೆ ಅದು ಸಂರಕ್ಷಣೆಯ ಅಚ್ಚುಕಟ್ಟಾದ ಉಪಾಯವೂ ಹೌದು. ಒಂದು ಬಸದಿಗೆ ಬೆಂಕಿ ಬಿದ್ದರೂ, ಒಂದು ಮಠದ ಓಲೆಕಟ್ಟಿಗೆ ಗೆದ್ದಲು ಹಿಡಿದರೂ, ಬೇರೆ ಊರಿನಲ್ಲಿ ಕೃತಿ ಉಳಿಯುತ್ತದೆ. ಶಾಂತಿಪುರಾಣ ಇಂದು ನಮ್ಮ ಕೈಯಲ್ಲಿದೆ. ಒಂದನೆಯ ಗುಣವರ್ಮನ ಶೂದ್ರಕವಾಗಲಿ ಹರಿವಂಶವಾಗಲಿ ಇಲ್ಲ. ಬೇರೆಯವರು ಉದ್ಧರಿಸಿದ ಬಿಡಿ ಪದ್ಯಗಳಿಂದಷ್ಟೇ ಅವುಗಳ ಸುಳಿವು ಸಿಗುತ್ತದೆ. ಕ್ಲೌಡ್ ಎಂಬ ಹೆಸರಿನ ಸುತ್ತ ಇರುವ ಮಂಜನ್ನು ಸರಿಸಿದರೆ ಉಳಿಯುವುದೂ ಇದೇ ಕೆಲಸ. ದೂರದೂರದ ಊರುಗಳಲ್ಲಿ ದೊಡ್ಡ ದೊಡ್ಡ ಕಟ್ಟಡಗಳು, ಅವುಗಳೊಳಗೆ ಸಾವಿರಾರು ಸರ್ವರುಗಳು, ಅವುಗಳಿಗೆ ಎರಡೆರಡು ದಾರಿಯಿಂದ ವಿದ್ಯುತ್ತು, ಡೀಸೆಲ್ ಜನರೇಟರು, ದಿನದ 24 ಗಂಟೆ ಕಾಯುವ ಜನ. ನಾವು ಬರೆದ ಒಂದು ಸಾಲು ಕ್ಷಣಾರ್ಧದಲ್ಲಿ ಹಲವು ಯಂತ್ರಗಳಲ್ಲಿ, ಕೇಳಿಕೊಂಡರೆ ಹಲವು ಊರುಗಳಲ್ಲಿ ನಕಲಾಗುತ್ತದೆ. ಮೂವತ್ತು ಹಾಸಿಗೆಯ ಒಂದು ನರ್ಸಿಂಗ್ ಹೋಂ ಇಂಥ ಏರ್ಪಾಡನ್ನು ತಾನೇ ಕಟ್ಟಿಕೊಳ್ಳುವುದು ಆಗದ ಮಾತು. ಬಾಡಿಗೆಗೆ ಪಡೆಯುವುದು ಆಗುತ್ತದೆ.

ಇದು ಬರಿಯ ಊಹೆಯಲ್ಲ ಎನ್ನುವುದಕ್ಕೆ ಅಮೆರಿಕದ ಜಾಪ್ಲಿನ್ ಪಟ್ಟಣದ ಪ್ರಸಂಗ ಸಾಕ್ಷಿ. 2011ರ ಮೇ 22ರ ಸಂಜೆ ಭೀಕರ ಸುಂಟರಗಾಳಿ ಅಲ್ಲಿನ ಸೇಂಟ್ ಜಾನ್ಸ್ ಆಸ್ಪತ್ರೆಗೆ ನೇರವಾಗಿ ಬಡಿಯಿತು. ಕಿಟಕಿಗಳೆಲ್ಲ ಹಾರಿದವು, ಒಳಗಿದ್ದ 180ಕ್ಕೂ ಹೆಚ್ಚು ರೋಗಿಗಳನ್ನು ಕತ್ತಲಲ್ಲಿ ಮೆಟ್ಟಿಲಿಳಿಸಿ ಸಾಗಿಸಿದರು. ಆಸ್ಪತ್ರೆಯ ಹಳೆಯ ಎಕ್ಸ್‌ರೇ ಫಿಲ್ಮುಗಳು ಹತ್ತಾರು ಮೈಲಿ ಆಚೆಯ ಊರುಗಳ ಅಂಗಳದಲ್ಲಿ ಬಿದ್ದು ಸಿಕ್ಕವು. ಆದರೆ ಆ ಆಸ್ಪತ್ರೆ ಕೇವಲ ಮೂರು ವಾರದ ಹಿಂದೆ, ಮೇ 1ರಂದು, ಕಾಗದದಿಂದ ಡಿಜಿಟಲ್ ದಾಖಲೆಗೆ ಬದಲಾಗಿತ್ತು. ಆ ದಾಖಲೆಗಳು ಇದ್ದದ್ದು ಅದೇ ರಾಜ್ಯದ ಇನ್ನೊಂದು ತುದಿಯ ಡೇಟಾ ಸೆಂಟರಿನಲ್ಲಿ. ರೋಗಿಗಳು ಚದುರಿಹೋದ ಊರುಗಳಲ್ಲಿ ವೈದ್ಯರಿಗೆ ಅವರ ಚರಿತ್ರೆ ದೊರೆಯಿತು. ಒಂದು ವಾರದಲ್ಲಿ ಡೇರೆಯೊಳಗೆ ಆಸ್ಪತ್ರೆ ಮತ್ತೆ ತೆರೆದಾಗ, ಗೋಡೆಯಿಲ್ಲದ ಆ ಆಸ್ಪತ್ರೆಗೆ ನೆನಪು ಮಾತ್ರ ಪೂರ್ತಿ ಇತ್ತು. ಮೂರು ವಾರ ತಡವಾಗಿದ್ದರೆ ಆ ನೆನಪೂ ಎಕ್ಸ್‌ರೇ ಫಿಲ್ಮುಗಳ ಹಾದಿ ಹಿಡಿಯುತ್ತಿತ್ತು.

ನಮ್ಮ ದಾಖಲೆ ನಮ್ಮ ಕಟ್ಟಡದಲ್ಲೇ, ನಮ್ಮ ಬೀಗದಲ್ಲೇ ಇದ್ದರೆ ಸುರಕ್ಷಿತ ಎಂಬ ನಂಬಿಕೆ ಆಸ್ಪತ್ರೆಗಳ ಆಡಳಿತದಲ್ಲಿ ಬಲವಾಗಿದೆ. ಅದು ಸಹಜವಾದ ನಂಬಿಕೆ, ತಳ್ಳಿಹಾಕುವಂಥದ್ದಲ್ಲ. ಆದರೆ 2022ರ ನವೆಂಬರ್ 23ರಂದು ದೆಹಲಿಯ ಏಮ್ಸ್‌ನಲ್ಲಿ ಆದದ್ದನ್ನು ನೋಡಿ. ಬೆಳಿಗ್ಗೆ ನೋಂದಣಿಯ ಪರದೆಗಳು ನಿಂತವು. ಸುಲಿಗೆಕೋರರು ಸರ್ವರುಗಳಿಗೆ ನುಗ್ಗಿ ದತ್ತಾಂಶಕ್ಕೆ ಬೀಗ ಹಾಕಿಬಿಟ್ಟಿದ್ದರು. ಐದು ಸರ್ವರುಗಳು, ಸುಮಾರು 1.3 ಟೆರಾಬೈಟ್ ದತ್ತಾಂಶ ತೊಂದರೆಗೆ ಒಳಗಾಯಿತೆಂದು ಸರ್ಕಾರ ಸಂಸತ್ತಿಗೆ ತಿಳಿಸಿತು. ಹೊರರೋಗಿ ವಿಭಾಗದ ಚೀಟಿ, ಲ್ಯಾಬಿನ ವರದಿ, ಬಿಲ್ಲು ಎಲ್ಲವೂ ದಿನಗಟ್ಟಲೆ ಕೈಬರಹಕ್ಕೆ ಮರಳಿದವು. ದೇಶದ ಮೊದಲ ದರ್ಜೆಯ ಆಸ್ಪತ್ರೆ ಅದು. ಅದರ ಅಂಗಳದಲ್ಲೇ ಯಂತ್ರಗಳಿದ್ದವು. ಬೀಗವೂ ಕಾವಲೂ ಇದ್ದವು. ಹಾನಿಯ ಒಂದು ಕಾರಣವನ್ನು ಸರ್ಕಾರವೇ ಹೇಳಿತು: ಜಾಲವನ್ನು ಸರಿಯಾಗಿ ವಿಭಾಗಿಸಿರಲಿಲ್ಲ. ಒಂದು ಕೋಣೆಗೆ ನುಗ್ಗಿದವನಿಗೆ ಇಡೀ ಮನೆ ತೆರೆದಿತ್ತು ಎಂದರ್ಥ. ಕೊನೆಗೆ ಏಮ್ಸನ್ನು ಕಾಪಾಡಿದ್ದು ಏನು? ದಾಳಿಯ ಕೈಗೆ ಸಿಗದೆ ಉಳಿದ ಒಂದು ಬ್ಯಾಕಪ್ ಸರ್ವರ್. ಅದರಿಂದಲೇ ಇ-ಹಾಸ್ಪಿಟಲ್ ದತ್ತಾಂಶವನ್ನು ಹೊಸ ಯಂತ್ರಗಳಿಗೆ ತುಂಬಿದರು. ನೀರಿರಲಿ, ಬೆಂಕಿಯಿರಲಿ, ಸುಲಿಗೆಕೋರನಿರಲಿ, ಅಪಾಯದ ಕೈ ಮುಟ್ಟದ ಜಾಗದಲ್ಲಿ ಇನ್ನೊಂದು ಪ್ರತಿ ಇದ್ದುದೇ ಉಳಿಸಿತು. ಅಂಥ ಪ್ರತಿ ಅದೃಷ್ಟದಿಂದ ಉಳಿಯುವುದಕ್ಕೂ ಮೊದಲೇ ಏರ್ಪಡಿಸಿ ಉಳಿಸಿಕೊಳ್ಳುವುದಕ್ಕೂ ಬಹಳ ವ್ಯತ್ಯಾಸವಿದೆ. ಒಮ್ಮೆ ಬರೆದರೆ ನಿಗದಿತ ಅವಧಿಯವರೆಗೆ ಆಡಳಿತಗಾರನೂ ಅಳಿಸಲಾಗದ ಪ್ರತಿಯನ್ನು ಇಂದು ಕ್ಲೌಡ್ ಸೇವೆಗಳು ಕೊಡುತ್ತವೆ. ಸಣ್ಣ ಆಸ್ಪತ್ರೆಯ ಸರ್ವರ್ ಕೋಣೆಯಲ್ಲಿ, ಪ್ರತಿ ಶನಿವಾರ ಒಬ್ಬ ಹುಡುಗ ನೆನಪಿಟ್ಟು ಹಾರ್ಡ್ ಡಿಸ್ಕಿಗೆ ನಕಲು ಮಾಡುವ ಪದ್ಧತಿಯಲ್ಲಿ, ಆ ಭರವಸೆ ಸಿಗುವುದಿಲ್ಲ.

ಸುರಕ್ಷತೆಯ ತಂತ್ರಾಂಶದ ವಿಷಯ ಇನ್ನೂ ಸೂಕ್ಷ್ಮ, ಏಕೆಂದರೆ ಅಲ್ಲಿ ಬೇಡಿಕೆ ಏರುವುದೇ ಅಪಾಯದ ಹೊತ್ತಿನಲ್ಲಿ. ಕರ್ನಾಟಕದಲ್ಲಿ 2008ರ ನವೆಂಬರ್ 1ರಂದು ‘ಆರೋಗ್ಯ ಕವಚ’ ಎಂಬ ಹೆಸರಿನಲ್ಲಿ ಶುರುವಾದ 108 ಆಂಬುಲೆನ್ಸ್ ಸೇವೆಯನ್ನು ಅರಿಯದ ಮನೆಯಿಲ್ಲ. 2022ರ ಸೆಪ್ಟೆಂಬರ್ ಕೊನೆಯ ವಾರಾಂತ್ಯದಲ್ಲಿ ಆ ಸೇವೆ ತಾಂತ್ರಿಕ ದೋಷದಿಂದ ತತ್ತರಿಸಿತು. ಹಳೆಯದಾದ ಯಂತ್ರ ವ್ಯವಸ್ಥೆ ಕೆಟ್ಟು, ಬರುವ ಕರೆಗಳನ್ನು ಕೈಯಿಂದ ಬರೆದುಕೊಂಡು ಆಂಬುಲೆನ್ಸ್ ಕಳಿಸಬೇಕಾಯಿತು, ಜನ ಕಾದು ಕಾದು ಖಾಸಗಿ ವಾಹನ ಹಿಡಿದರು. ರಾಜ್ಯದ ಅಷ್ಟೂ ಜಿಲ್ಲೆಗಳ ಎದೆನೋವು, ಹೆರಿಗೆ, ರಸ್ತೆ ಅಪಘಾತಗಳ ಕರೆ ಒಂದು ಕೇಂದ್ರದ ಯಂತ್ರಗಳ ಆರೋಗ್ಯಕ್ಕೆ ತಗುಲಿಕೊಂಡಿತ್ತು. ಇದಕ್ಕೆ ಹೋಲಿಸಿದರೆ ಕೋವಿಡ್ ಲಸಿಕೆಯ ನೋಂದಣಿಗಾಗಿ ಕಟ್ಟಿದ ಕೋವಿನ್ ವೇದಿಕೆಯ ಕಥೆ ಪಾಠ ಕಲಿಸುವಂಥದ್ದು. 2021ರ ಏಪ್ರಿಲ್ 28ರಂದು 18 ವರ್ಷ ದಾಟಿದ ಎಲ್ಲರಿಗೂ ನೋಂದಣಿ ತೆರೆದ ಮೊದಲ ನಿಮಿಷಗಳಲ್ಲಿ ಅದೂ ಮುಗ್ಗರಿಸಿತು. ಆದರೂ ಅದೇ ದಿನ ಒಂದು ಕೋಟಿಗೂ ಹೆಚ್ಚು ಜನ ಹೆಸರು ನೋಂದಾಯಿಸಿದರು. ಅದೇ ವರ್ಷದ ಸೆಪ್ಟೆಂಬರ್ 17ರಂದು ಒಂದೇ ದಿನ ಎರಡೂವರೆ ಕೋಟಿ ಡೋಸುಗಳು ಅದರಲ್ಲಿ ದಾಖಲಾದವು. ಅಷ್ಟು ಹೊರೆಯನ್ನು ವರ್ಷಕ್ಕೆ ಒಂದು ದಿನ ಹೊರಲು ಸ್ವಂತ ಯಂತ್ರಗಳನ್ನು ಕೊಂಡಿಟ್ಟುಕೊಳ್ಳುವುದು ಯಾವ ಇಲಾಖೆಗೂ ವಿವೇಕವೆನಿಸದು. ಬೇಕಾದಾಗ ಹಿಗ್ಗಿ, ಬೇಡವಾದಾಗ ಕುಗ್ಗುವ ಬಾಡಿಗೆಯ ಸಾಮರ್ಥ್ಯ ಸಿಕ್ಕಿದ್ದರಿಂದಲೇ ಅದು ಸಾಧ್ಯವಾಯಿತು. ಆಂಬುಲೆನ್ಸ್ ಕರೆಗೂ ನೆರೆಯ ಎಚ್ಚರಿಕೆಗೂ ಬೇಕಾದದ್ದು ಇಂಥದೇ ಗುಣ.

ಗದ್ದಲವಿಲ್ಲದೆ ನಡೆಯುವ ಇನ್ನೊಂದು ಕೆಲಸವನ್ನು ಹತ್ತಿರದಿಂದ ನೋಡಬೇಕು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಲಸಿಕೆ ಇಡುವ ಐಎಲ್ಆರ್ ಎಂಬ ಪೆಟ್ಟಿಗೆ ಇರುತ್ತದೆ, ಮೇಲಿನಿಂದ ಮುಚ್ಚಳ ತೆರೆಯುವ ಫ್ರಿಜ್ಜು. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೇ ಇರಬೇಕು. ಹೆಚ್ಚಾದರೆ ಲಸಿಕೆಯ ಕಸುವು ಹೋಗುತ್ತದೆ. ಹೆಪ್ಪುಗಟ್ಟಿದರೆ ಕೆಲವು ಲಸಿಕೆಗಳು ಪೂರ್ತಿ ಕೆಡುತ್ತವೆ. ಎರಡೂ ಕಣ್ಣಿಗೆ ಕಾಣುವುದಿಲ್ಲ. ಹಿಂದೆ ದಿನಕ್ಕೆರಡು ಸಲ ಸಿಬ್ಬಂದಿ ಉಷ್ಣಮಾಪಕ ನೋಡಿ ಪುಸ್ತಕದಲ್ಲಿ ಬರೆಯುತ್ತಿದ್ದರು. ರಾತ್ರಿ ಕರೆಂಟು ಹೋಗಿ ಬೆಳಗಿನ ಜಾವ ಬಂದರೆ ಪುಸ್ತಕಕ್ಕೆ ಗೊತ್ತಾಗುತ್ತಿರಲಿಲ್ಲ. 2015ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನೊಂದಿಗೆ ಆರಂಭವಾದ ಎವಿನ್ ವ್ಯವಸ್ಥೆಯಲ್ಲಿ ಆ ಪೆಟ್ಟಿಗೆಯೊಳಗೆ ಒಂದು ಸಂವೇದಕ ಇರುತ್ತದೆ. ಅದು ಮೊಬೈಲ್ ಜಾಲದ ಮೂಲಕ ಉಷ್ಣತೆಯನ್ನು ಕೇಂದ್ರ ವ್ಯವಸ್ಥೆಗೆ ಕಳಿಸುತ್ತಲೇ ಇರುತ್ತದೆ, ಎಲ್ಲೆ ಮೀರಿದರೆ ಉಸ್ತುವಾರಿಯವರ ಫೋನಿಗೆ ಸಂದೇಶ ಬರುತ್ತದೆ. ಕಟ್ಟಡದೊಳಗೆ ಯಾರೂ ಇಲ್ಲದಿದ್ದರೂ ಹೊರಗಿರುವ ಯಾರಿಗೋ ಗೊತ್ತಾಗುತ್ತದೆ. ಕೇಂದ್ರದ ಪುಸ್ತಕ ಕೇಂದ್ರದೊಳಗೇ ಮುಚ್ಚಿಕೊಂಡಿದ್ದಾಗ ಇದು ಸಾಧ್ಯವಿರಲಿಲ್ಲ. ನೆರೆಯ ಎಚ್ಚರಿಕೆಗೂ ಇದೇ ಮಾತು ಸಲ್ಲುತ್ತದೆ. ವೇಲಚೇರಿ–ತಾಂಬರಂ ರಸ್ತೆಯ ಪಳ್ಳಿಕರಣೈಯಲ್ಲಿರುವ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 2015ರ ದುರಂತದ ನಂತರ ರೂಪುಗೊಂಡ ಚೆನ್ನೈ ನೆರೆ ಎಚ್ಚರಿಕೆ ವ್ಯವಸ್ಥೆಯ ಮನೆ. ಸಿ-ಫ್ಲೋಸ್ ಎಂಬ ಹೆಸರಿನ ಅದು 2019ರಲ್ಲಿ ಸಿದ್ಧವಾಯಿತು. ಜೌಗುನೆಲದ ಅಂಚಿನಲ್ಲೇ ಕೂತು ನೆರೆಯನ್ನು ಲೆಕ್ಕಹಾಕುವವರ ಎಚ್ಚರಿಕೆ, ಅವರ ಗೇಟಿನ ಮುಂದೆ ನೀರು ನಿಂತ ದಿನವೂ ವಾರ್ಡಿನ ಅಧಿಕಾರಿಗೆ ತಲುಪಬೇಕು. ಎಚ್ಚರಿಕೆಯ ಲೆಕ್ಕ ನಡೆಯುವ ಜಾಗವೂ ಎಚ್ಚರಿಕೆಯ ವಿಷಯವೂ ಒಂದೇ ಆಗಬಾರದು.

ಈಗ ಆಕ್ಷೇಪಗಳಿಗೆ ಬರೋಣ. ಮೊದಲನೆಯದು, ಬಹಳ ತೂಕದ್ದು: ನೆರೆ ಬಂದಾಗ ನೆಟ್‌ವರ್ಕೇ ಇರುವುದಿಲ್ಲ, ಆಗ ಕ್ಲೌಡಿನಲ್ಲಿರುವ ದಾಖಲೆ ಇದ್ದೂ ಇಲ್ಲದಂತೆ. ನಿಜ. 2015ರಲ್ಲಿ ಚೆನ್ನೈನ ಬಹಳಷ್ಟು ಕಡೆ ಫೋನುಗಳು ಸತ್ತಿದ್ದವು. ನಮ್ಮ ಮಲೆನಾಡಿನಲ್ಲಂತೂ ಮಳೆ ಬೇಕಾಗಿಯೇ ಇಲ್ಲ. ನೆಟ್‌ವರ್ಕ್ ಕೊಡದಿದ್ದರೆ ಮತ ಹಾಕುವುದಿಲ್ಲ ಎಂದು ಹಳ್ಳಿಯವರು ಅಭಿಯಾನವನ್ನೇ ನಡೆಸಿದ್ದಾರೆ. ಆದರೆ ಈ ಆಕ್ಷೇಪ ಎರಡು ಬೇರೆ ಜಾಗಗಳನ್ನು ಒಂದೆಂದು ಭಾವಿಸುತ್ತದೆ. ನೀರಲ್ಲಿ ನಿಂತ ಆಸ್ಪತ್ರೆಗೆ ಬೇಕಾದದ್ದು ಕೈಗೆ ಸಿಗುವ ಸ್ಥಳೀಯ ಪ್ರತಿ. ಅದಕ್ಕೆ ಕಾಗದವೇ ಆದರೂ ಸಾಕು. ದಾಖಲೆ ದೂರದಲ್ಲಿ ಇರಬೇಕಾದದ್ದು ಆ ರೋಗಿ ತಲುಪುವ ಇನ್ನೊಂದು ಆಸ್ಪತ್ರೆಗಾಗಿ, ನೀರು ಇಳಿದ ಮರುದಿನಕ್ಕಾಗಿ. ಎರಡನ್ನೂ ಒಟ್ಟಿಗೆ ಕೊಡುವ ತಂತ್ರಾಂಶ ಅಸಾಧ್ಯವಲ್ಲ. ಎಎನ್ಎಂ ಅಕ್ಕಂದಿರ ಕೈಯ ಟ್ಯಾಬಿನಲ್ಲಿರುವ ಅನ್‌ಮೋಲ್ ಆ್ಯಪ್ ನೆಟ್‌ವರ್ಕ್ ಇಲ್ಲದಾಗಲೂ ಗರ್ಭಿಣಿಯ ವಿವರ ಬರೆದುಕೊಳ್ಳುತ್ತದೆ, ಸಿಗ್ನಲ್ ಸಿಕ್ಕ ಕಡೆ ಮೇಲಕ್ಕೆ ಕಳಿಸುತ್ತದೆ. ಹಳ್ಳಿಯ ತಾಯಿ-ಮಗುವಿನ ದಾಖಲೆಗೆ ಸಿಕ್ಕಿರುವ ಈ ಅನುಕೂಲ ನಗರದ ಆಸ್ಪತ್ರೆಗಳಿಗೆ ಮಾರುವ ಎಷ್ಟೋ ದುಬಾರಿ ತಂತ್ರಾಂಶಗಳಲ್ಲಿ ಇಲ್ಲ ಎಂಬುದು ಖೇದದ ಸಂಗತಿ. ಸಂಪರ್ಕ ಕಡಿದರೆ ಪರದೆ ಬೆಳ್ಳಗಾಗುವ ತಂತ್ರಾಂಶವನ್ನು ಆಸ್ಪತ್ರೆ ಕೊಳ್ಳಲೇಬಾರದು.

ಎರಡನೆಯ ಆಕ್ಷೇಪ, ಕ್ಲೌಡೂ ಬೀಳುತ್ತದೆ. ಬಿದ್ದಿದೆ ಕೂಡ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಐದಂತಸ್ತಿನ ಡೇಟಾ ಸೆಂಟರ್ ಸುಟ್ಟು ಕರಕಲಾಯಿತು. ಬ್ಯಾಕಪ್ಪಿಗೂ ಹಣ ಕೊಟ್ಟಿದ್ದ ಗ್ರಾಹಕರೊಬ್ಬರ ಬ್ಯಾಕಪ್ ಅದೇ ಕಟ್ಟಡದಲ್ಲಿತ್ತು. ಪರಿಹಾರ ಕೊಡಬೇಕೆಂದು 2023ರಲ್ಲಿ ಅಲ್ಲಿನ ನ್ಯಾಯಾಲಯ ಆದೇಶಿಸಿತು. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ದೇಜಾನ್‌ನಲ್ಲಿ ಸರ್ಕಾರದ ಡೇಟಾ ಸೆಂಟರಿನ ಬ್ಯಾಟರಿಗೆ ಬೆಂಕಿ ಹತ್ತಿ 600ಕ್ಕೂ ಹೆಚ್ಚು ಸರ್ಕಾರಿ ಸೇವೆಗಳು ನಿಂತವು. ನೌಕರರ ಕಡತಗಳಿದ್ದ 858 ಟೆರಾಬೈಟ್ ಹೊರಗೆಲ್ಲೂ ಪ್ರತಿಯಿಲ್ಲದೆ ಬೂದಿಯಾಯಿತು. ಅದರ ಹೆಸರೂ ಕ್ಲೌಡೇ ಆಗಿತ್ತು. ಈ ಎರಡು ಪ್ರಸಂಗಗಳು ನನ್ನ ವಾದವನ್ನು ಕೆಡಿಸುವುದಿಲ್ಲ, ಬಿಗಿಗೊಳಿಸುತ್ತವೆ. ರಕ್ಷಣೆ ಇರುವುದು ದೂರದಲ್ಲಿ, ಹೆಸರಿನಲ್ಲಿ ಅಲ್ಲ. ಮೈಕ್ರೋಸಾಫ್ಟ್ 2015ರ ಸೆಪ್ಟೆಂಬರಿನಲ್ಲಿ ಭಾರತದಲ್ಲಿ ತನ್ನ ಕ್ಲೌಡ್ ಕೇಂದ್ರಗಳನ್ನು ತೆರೆದಾಗ ಅವುಗಳಲ್ಲೊಂದು ಚೆನ್ನೈನಲ್ಲೇ ಇತ್ತು, ಆ ನೆರೆಗೆ ಸುಮಾರು ಎರಡು ತಿಂಗಳ ಮುಂಚೆ. ಚೆನ್ನೈನ ಆಸ್ಪತ್ರೆಯೊಂದು ತನ್ನ ಏಕೈಕ ಪ್ರತಿಯನ್ನು ಚೆನ್ನೈನ ಕ್ಲೌಡಿನಲ್ಲೇ ಇಟ್ಟರೆ ಕಾರನ್ನು ಪಕ್ಕದ ಬೀದಿಯಲ್ಲಿ ನಿಲ್ಲಿಸಿದಂತೆ. ಚೆನ್ನೈ ಕೇಂದ್ರಕ್ಕೆ ಜೋಡಿಯಾಗಿ ಪುಣೆಯ ಕೇಂದ್ರವನ್ನು ಇಟ್ಟಿರುವುದು ಇದಕ್ಕಾಗಿಯೇ. ಅಮೆಜಾನ್ 2016ರಿಂದ ಮುಂಬೈಯಲ್ಲಿ, 2022ರಿಂದ ಹೈದರಾಬಾದಿನಲ್ಲೂ ಕೇಂದ್ರ ಹೊಂದಿದೆ. ದತ್ತಾಂಶ ದೇಶ ಬಿಟ್ಟು ಹೋಗದೆ, ಬಂಗಾಳಕೊಲ್ಲಿಯ ಒಂದೇ ಚಂಡಮಾರುತದ ದಾರಿಯಲ್ಲೂ ನಿಲ್ಲದೆ ಇರುವುದು ಇಂದು ಸಾಧ್ಯ. ಆದರೆ ಎರಡನೇ ಊರಿಗೆ ಬೇರೆ ಹಣ ಕೊಡಬೇಕು, ಮತ್ತು ಅನೇಕರು ಉಳಿತಾಯ ಮಾಡುವುದು ಅಲ್ಲಿಯೇ. ಇನ್ನೊಂದು ಎಚ್ಚರವೂ ಬೇಕು. 2024ರ ಜುಲೈ 19ರಂದು ಕ್ರೌಡ್‌ಸ್ಟ್ರೈಕ್ ಎಂಬ ಒಂದೇ ಭದ್ರತಾ ತಂತ್ರಾಂಶದ ದೋಷದಿಂದ ಜಗತ್ತಿನ ಸುಮಾರು 85 ಲಕ್ಷ ಕಂಪ್ಯೂಟರುಗಳು ಒಟ್ಟಿಗೆ ನಿಂತವು, ಹಲವು ದೇಶಗಳ ಆಸ್ಪತ್ರೆಗಳೂ ಕಂಗೆಟ್ಟವು. ಊರು ಬೇರೆಯಾದರೂ ಎಲ್ಲ ಕಡೆ ಒಂದೇ ತಂತ್ರಾಂಶವಿದ್ದರೆ ಅದೂ ಒಂದೇ ತಗ್ಗಿನಲ್ಲಿ ನಿಂತಂತೆಯೇ.

ಮೂರನೆಯದು ಖಾಸಗಿತನ. ಇದನ್ನು ಹಗುರವಾಗಿ ಕಾಣುವವರ ಜೊತೆ ನನಗೆ ಸಹಮತವಿಲ್ಲ. ಎಚ್‌ಐವಿ ಪರೀಕ್ಷೆ, ಗರ್ಭಪಾತ, ಮನೋರೋಗದ ಮಾತ್ರೆ: ಈ ಒಂದೊಂದು ಸಾಲೂ ಹೊರಬಿದ್ದರೆ ಒಬ್ಬರ ಕೆಲಸ, ಮದುವೆ, ಮರ್ಯಾದೆ ಹೋಗಬಲ್ಲದು. 2023ರ ಜೂನ್‌ನಲ್ಲಿ ಕೋವಿನ್‌ನಲ್ಲಿ ನೋಂದಾಯಿಸಿದವರ ವಿವರ ಟೆಲಿಗ್ರಾಂ ಬಾಟ್ ಒಂದರಲ್ಲಿ ಸಿಗುತ್ತಿದೆ ಎಂಬ ಸುದ್ದಿ ಬಂತು. ವೇದಿಕೆಗೆ ನೇರವಾಗಿ ಕನ್ನ ಬಿದ್ದಿಲ್ಲ ಎಂದು ಸರ್ಕಾರ ಹೇಳಿತು. 2024ರಲ್ಲಿ ಚೆನ್ನೈ ಮೂಲದ ದೊಡ್ಡ ಆರೋಗ್ಯ ವಿಮಾ ಕಂಪನಿಯೊಂದರ ಗ್ರಾಹಕರ ಮಾಹಿತಿ ಅದೇ ರೀತಿ ಬೀದಿಗೆ ಬಂತು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹೂಡಿದ ದಾವೆಯಲ್ಲಿ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿಯಿತು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ತಕ್ಕ ಭದ್ರತೆ ಇಡದವರಿಗೆ 250 ಕೋಟಿ ರೂಪಾಯಿವರೆಗೆ ದಂಡ ಹೇಳುತ್ತದೆ. ಆದರೂ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ನಮ್ಮ ದಾಖಲೆಗಳು ಈಗಾಗಲೇ ಕ್ಲೌಡಿನಲ್ಲಿವೆ, ಅತಿ ಕೆಟ್ಟ ರೀತಿಯಲ್ಲಿ. ಸ್ಕ್ಯಾನಿಂಗ್ ಸೆಂಟರಿನವರು ವರದಿಯನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಅದನ್ನು ಮಗ ಅಣ್ಣನಿಗೆ, ಅಣ್ಣ ಪರಿಚಯದ ಡಾಕ್ಟರಿಗೆ ದಾಟಿಸುತ್ತಾರೆ, ಎಲ್ಲರ ಫೋನಿನಲ್ಲೂ ಅದು ಉಳಿಯುತ್ತದೆ. ಯಾರು ನೋಡಿದರು ಎಂಬ ಲೆಕ್ಕ ಎಲ್ಲೂ ಇಲ್ಲ. ನರ್ಸಿಂಗ್ ಹೋಮಿನ ಕಂಪ್ಯೂಟರಿಗೆ ಅಂಟಿಸಿದ ಚೀಟಿಯ ಮೇಲಿನ ಪಾಸ್‌ವರ್ಡ್ ಎಲ್ಲರಿಗೂ ಒಂದೇ. ಸರಿಯಾಗಿ ಕಟ್ಟಿದ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಬೇರೆ ಕೀಲಿ, ಯಾವ ಕಡತವನ್ನು ಯಾರು ಎಷ್ಟು ಗಂಟೆಗೆ ತೆರೆದರು ಎಂಬ ಅಳಿಸಲಾಗದ ಗುರುತು ಇರುತ್ತದೆ. ಕ್ಲೌಡ್ ಕಂಪನಿ ಬೀಗವನ್ನು ಗಟ್ಟಿ ಮಾಡಿಕೊಡಬಲ್ಲದು. ಕೀಲಿಕೈ ಯಾರ ಕೈಗೆ ಕೊಡಬೇಕೆಂಬ ಹೊಣೆ ಆಸ್ಪತ್ರೆಯದೇ. ಆ ಹೊಣೆಯನ್ನು ಬಾಡಿಗೆಗೆ ಕೊಡಲು ಬರುವುದಿಲ್ಲ, ಕೊಟ್ಟೆವೆಂದು ಭಾವಿಸುವ ಆಡಳಿತ ಮಂಡಳಿಗಳೇ ನಿಜವಾದ ಅಪಾಯ.

ಹಣದ ಮಾತು ಬೇಗ ಮುಗಿಸಬಹುದು. ತಿಂಗಳ ಬಾಡಿಗೆ ನಿಲ್ಲುವುದಿಲ್ಲ, ವರ್ಷಗಳ ಲೆಕ್ಕದಲ್ಲಿ ಸ್ವಂತ ಯಂತ್ರಕ್ಕಿಂತ ಹೆಚ್ಚೂ ಆಗಬಹುದು. ಆಗಲಿ, ನಾವು ಕೊಡುತ್ತಿರುವುದು ಮೇಲ್ಸೇತುವೆಯ ಬಾಡಿಗೆ. ಅದಕ್ಕಿಂತ ಗಂಭೀರವಾದದ್ದು ಒಂದು ಕಂಪನಿಗೆ ಕಟ್ಟುಬೀಳುವ ಭಯ. ಕಂಪನಿ ದರ ಏರಿಸಿದರೆ, ಮುಚ್ಚಿದರೆ, ದಾಖಲೆ ಬೇರೆಡೆ ಓದಲು ಬರದ ರೂಪದಲ್ಲಿದ್ದರೆ ಆಸ್ಪತ್ರೆ ಒತ್ತೆಯಾಳು. ಆದ್ದರಿಂದ ದಾಖಲೆಯನ್ನು ಎಲ್ಲರೂ ಓದಬಲ್ಲ ರೂಪದಲ್ಲಿ ಹಿಂದಕ್ಕೆ ಪಡೆಯುವ ಹಕ್ಕು ಒಪ್ಪಂದದ ಮೊದಲ ಪುಟದಲ್ಲೇ ಇರಬೇಕು. 2021ರ ಸೆಪ್ಟೆಂಬರ್ 27ರಂದು ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದಾಖಲೆಗಳನ್ನು ಒಂದೆಡೆ ರಾಶಿ ಹಾಕದೆ, ಆಯಾ ಆಸ್ಪತ್ರೆಯಲ್ಲೇ ಉಳಿಸಿ, ರೋಗಿಯ ಒಪ್ಪಿಗೆಯ ಮೇಲೆ ಮಾತ್ರ ಇನ್ನೊಂದು ಆಸ್ಪತ್ರೆಗೆ ದಾಟಿಸುವ ವಿನ್ಯಾಸ ಹೊಂದಿದೆ. ಗಡಿಯ ನಮ್ಮ ಜನರಿಗೆ ಅದರ ಬೆಲೆ ಗೊತ್ತಾಗುತ್ತದೆ. ಕೋಲಾರ, ಬಂಗಾರಪೇಟೆ, ಕೆಜಿಎಫ್ ಕಡೆಯವರು ಕಟ್ಪಾಡಿಗೆ ರೈಲು ಹತ್ತಿ ವೆಲ್ಲೂರಿಗೋ ಚೆನ್ನೈಗೋ ಚಿಕಿತ್ಸೆಗೆ ಹೋಗುವುದು ಹೊಸತಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಡಿಸ್ಚಾರ್ಜ್ ಸಮ್ಮರಿ, ರಬ್ಬರ್ ಬ್ಯಾಂಡು ಸುತ್ತಿದ ಎಕ್ಸ್‌ರೇ, ಬಣ್ಣ ಮಾಸಿ ಅಕ್ಷರವೇ ಕಾಣದ ಇಸಿಜಿ ಕಾಗದ. ಅವರ ಇಡೀ ಆರೋಗ್ಯ ಚರಿತ್ರೆ ಆ ಚೀಲದಲ್ಲಿರುತ್ತದೆ. ಆ ಚೀಲ ರೈಲಿನಲ್ಲಿ ಮರೆತುಹೋದರೂ ಅವರ ಚಿಕಿತ್ಸೆ ನಿಲ್ಲಬಾರದು.

ಒಳರೋಗಿಯ ದಾಖಲೆಯನ್ನು ಚಿಕಿತ್ಸೆ ಶುರುವಾದ ದಿನದಿಂದ ಮೂರು ವರ್ಷ ಇಟ್ಟುಕೊಳ್ಳಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದು ವೈದ್ಯಕೀಯ ಮಂಡಳಿಯ 2002ರ ವೃತ್ತಿ ನಿಯಮಗಳು ಹೇಳುತ್ತವೆ. ಹಾಗಾಗಿ ಕೇಳುವುದು ನಿಮ್ಮ ಹಕ್ಕು. ಚೆನ್ನೈನಲ್ಲಿ ಹಿಂಗಾರು ಅಕ್ಟೋಬರಿನಲ್ಲಿ ಶುರುವಾಗುತ್ತದೆ. ಬೆಂಗಳೂರಿನ ಬೆಳ್ಳಂದೂರು ಮುಳುಗಲು ಅಷ್ಟೂ ಕಾಯಬೇಕಿಲ್ಲ, 2022ರಲ್ಲಿ ಅದು ಸೆಪ್ಟೆಂಬರಿಗೇ ಮುಳುಗಿತ್ತು. ಅದಕ್ಕೆ ಮುಂಚೆ ನೀವು ಹೋಗುವ ಆಸ್ಪತ್ರೆಯಲ್ಲಿ ಎರಡು ಪ್ರಶ್ನೆ ಕೇಳಿ: ನನ್ನ ದಾಖಲೆಯ ಎರಡನೇ ಪ್ರತಿ ಯಾವ ಊರಿನಲ್ಲಿದೆ? ಅದನ್ನು ಕೊನೆಯ ಸಲ ತೆರೆದು ನೋಡಿದ್ದು ಯಾವಾಗ?